ವರದಿಯೊಳಗೆ ಚಿತ್ರ: ಹುದುಗಿಸುವುದೇ, ಕೊಂಡಿ ಹಾಕುವುದೇ?

ಅಂಕಪಟ್ಟಿ, ಶುಲ್ಕದ ರಸೀದಿ, ಗ್ರಂಥಾಲಯದ ಪುಸ್ತಕಗಳ ಪಟ್ಟಿ, ಪ್ರಯೋಗಾಲಯದ ದಾಸ್ತಾನು ವಿವರ - ಇವೆಲ್ಲ ಇಂದು ಗಣಕದಿಂದ ಸಿದ್ಧವಾಗಿ ಹೊರಬರುವ ವರದಿಗಳು. ಪ್ರತಿ ವರದಿಯ ಮೇಲ್ಭಾಗದಲ್ಲೂ ಸಂಸ್ಥೆಯ ಲಾಂಛನ ಇರುವುದು ವಾಡಿಕೆ. ವರದಿಯನ್ನು ರೂಪಿಸಿದ ಗಣಕದಲ್ಲಿ ಆ ಲಾಂಛನ ಅಂದವಾಗಿ ಕಾಣುತ್ತದೆ. ಅದೇ ವಿನ್ಯಾಸ ಕಡತವನ್ನು ಕಚೇರಿಯ ಸರ್ವರ್‌ಗೆ ಹಾಕಿ ಮುನ್ನೂರು ಅಂಕಪಟ್ಟಿಗಳನ್ನು ಮುದ್ರಿಸಿದಾಗ, ಮುನ್ನೂರರಲ್ಲೂ ಲಾಂಛನದ ಜಾಗದಲ್ಲಿ ಖಾಲಿ ಚೌಕ ಅಥವಾ ಕೆಂಪು ಬಣ್ಣದ ಅಡ್ಡಗೀಟು ಬರುವುದುಂಟು. ಅಂಕಗಳು ಸರಿಯಾಗಿವೆ, ಹೆಸರುಗಳು ಸರಿಯಾಗಿವೆ, ಚಿತ್ರವೊಂದೇ ನಾಪತ್ತೆ!

ಇದರ ಕಾರಣ ಸರಳ. ವಿನ್ಯಾಸ ಕಡತದಲ್ಲಿ ಚಿತ್ರ ಇರಲೇ ಇಲ್ಲ. ಚಿತ್ರದ ವಿಳಾಸ ಮಾತ್ರ ಇತ್ತು. ಚಿತ್ರವನ್ನೇ ಕಡತದೊಳಗೆ ಹುದುಗಿಸಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ಹಾಗೆಂದು ಎಲ್ಲ ಚಿತ್ರಗಳನ್ನೂ ಹುದುಗಿಸಿಬಿಡುವುದು ಜಾಣತನವೇ? ಅಲ್ಲ. ಹುದುಗಿಸುವುದಕ್ಕೆ ಒಂದು ಬೆಲೆಯಿದೆ, ಕೆಲವೊಮ್ಮೆ ಅಪಾಯವೂ ಇದೆ. ಇದರ ಹಿಂದಿರುವ ತತ್ತ್ವವನ್ನು ಸ್ವಲ್ಪ ವಿವರವಾಗಿ ನೋಡೋಣ.

ವಿನ್ಯಾಸ ಬೇರೆ, ವರದಿ ಬೇರೆ

ವರದಿ ತಂತ್ರಾಂಶಗಳಲ್ಲಿ ಎರಡು ಹಂತಗಳಿವೆ. ಮೊದಲನೆಯದು ವಿನ್ಯಾಸ. ಪುಟದ ಅಳತೆ, ಶೀರ್ಷಿಕೆಯ ಸ್ಥಾನ, ಕೋಷ್ಟಕದ ಕಂಬಸಾಲುಗಳು, ಯಾವ ಸಾಲಿನಲ್ಲಿ ಯಾವ ದತ್ತಾಂಶ ಬರಬೇಕು ಎಂಬ ಸೂಚನೆ - ಇಷ್ಟನ್ನು ಒಂದು ಕಡತದಲ್ಲಿ ಬರೆದಿಡಲಾಗುತ್ತದೆ. ಎರಡನೆಯದು ವರದಿಯ ತಯಾರಿ. ತಂತ್ರಾಂಶವು ಆ ವಿನ್ಯಾಸವನ್ನು ಓದಿ, ದತ್ತಸಂಚಯದಿಂದ ಹೆಸರು, ಅಂಕಗಳನ್ನು ತಂದು ತುಂಬಿ, ಪಿಡಿಎಫ್ ಅಥವಾ ಜಾಲಪುಟದ ರೂಪದಲ್ಲಿ ಹೊರಗೆ ಕೊಡುತ್ತದೆ. ವಿನ್ಯಾಸವು ಅಚ್ಚಿನಂತೆ, ವರದಿಯು ಅಚ್ಚಿನಿಂದ ಎದ್ದ ಇಟ್ಟಿಗೆಯಂತೆ. ಒಂದೇ ಅಚ್ಚಿನಿಂದ ಸಾವಿರ ಇಟ್ಟಿಗೆ.

ಈ ಎರಡು ಹಂತಗಳು ಒಂದೇ ಗಣಕದಲ್ಲಿ ನಡೆಯಬೇಕೆಂದಿಲ್ಲ. ಶಿಕ್ಷಕರೊಬ್ಬರು ಮನೆಯ ಗಣಕದಲ್ಲಿ ವಿನ್ಯಾಸ ಮಾಡಬಹುದು. ವರದಿ ಶಾಲೆಯ ಸರ್ವರ್‌ನಲ್ಲಿ ತಯಾರಾಗಬಹುದು. ಸಮಸ್ಯೆ ಹುಟ್ಟುವುದೇ ಇಲ್ಲಿ. ‘ಸಿ ಡ್ರೈವಿನಲ್ಲಿ, ಚಿತ್ರಗಳ ಫೋಲ್ಡರಿನಲ್ಲಿರುವ ಲಾಂಛನ’ ಎಂಬ ವಿಳಾಸ ಮನೆಯ ಗಣಕಕ್ಕೆ ಅರ್ಥವಾಗುತ್ತದೆ. ಸರ್ವರ್‌ನಲ್ಲಿ ಅಂತಹ ಫೋಲ್ಡರ್ ಇಲ್ಲವಾದರೆ ತಂತ್ರಾಂಶ ಎಲ್ಲಿಂದ ತಂದೀತು?

ಚಿತ್ರ ಇರುವುದು ಎಲ್ಲಿ?

ಉದಾಹರಣೆಗಾಗಿ ‘ಬರ್ಟ್’ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಎಕ್ಲಿಪ್ಸ್ ಸಂಸ್ಥೆಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶದ ಮೊದಲ ಆವೃತ್ತಿ 2005ರಲ್ಲಿ ಹೊರಬಂದಿತು. ಇದರಲ್ಲಿ ವಿನ್ಯಾಸ ಕಡತದ ಹೆಸರಿನ ಕೊನೆಗೆ ‘ಆರ್‌ಪಿಟಿಡಿಸೈನ್’ ಎಂಬ ಬಾಲವಿರುತ್ತದೆ. ವರದಿಯಲ್ಲಿ ಚಿತ್ರವನ್ನು ಇಡಲು ಹೊರಟರೆ ಬರ್ಟ್ ನಾಲ್ಕು ದಾರಿಗಳನ್ನು ಮುಂದಿಡುತ್ತದೆ:

1. ವಿಳಾಸ ಕೊಡುವುದು. ಚಿತ್ರವು ಜಾಲದಲ್ಲೋ ಡಿಸ್ಕಿನಲ್ಲೋ ಇರುತ್ತದೆ. ವಿನ್ಯಾಸದಲ್ಲಿ ಅದರ ವಿಳಾಸ ಮಾತ್ರ.

2. ಹಂಚಿಕೆಯ ಫೋಲ್ಡರಿನಿಂದ ಪಡೆಯುವುದು. ಎಲ್ಲ ವರದಿಗಳಿಗೂ ಸಾಮಾನ್ಯವಾದ ಒಂದು ಸಂಪನ್ಮೂಲ ಫೋಲ್ಡರ್ ಇರುತ್ತದೆ. ಚಿತ್ರದ ಹೆಸರನ್ನಷ್ಟೇ ಹೇಳಿದರೆ ಸಾಕು.

3. ಹುದುಗಿಸುವುದು. ಚಿತ್ರದ ಎಲ್ಲ ಬೈಟುಗಳನ್ನೂ ವಿನ್ಯಾಸ ಕಡತದೊಳಗೇ ಬರೆದಿಡುವುದು.

4. ದತ್ತಸಂಚಯದಿಂದ ತರುವುದು. ಪ್ರತಿ ವಿದ್ಯಾರ್ಥಿಯ ಭಾವಚಿತ್ರದಂತೆ ಸಾಲುಸಾಲಿಗೂ ಬದಲಾಗುವ ಚಿತ್ರಗಳಿಗೆ ಈ ಮಾರ್ಗ.

ಮೈಕ್ರೋಸಾಫ್ಟ್ 2004ರಲ್ಲಿ ಬಿಡುಗಡೆ ಮಾಡಿದ ರಿಪೋರ್ಟಿಂಗ್ ಸರ್ವೀಸಸ್‌ನಲ್ಲೂ ಇದೇ ಬಗೆಯ ವಿಂಗಡಣೆಯಿದೆ. ಅದರ ವಿನ್ಯಾಸ ಕಡತಕ್ಕೆ ‘ಆರ್‌ಡಿಎಲ್’ ಎಂದು ಹೆಸರು. ಚಿತ್ರದ ಮೂಲ ಹೊರಗಿನದೇ, ಹುದುಗಿಸಿದ್ದೇ, ದತ್ತಸಂಚಯದ್ದೇ ಎಂದು ಅಲ್ಲಿ ಸೂಚಿಸಬೇಕು. ಅದೇ ಆರ್‌ಡಿಎಲ್ ರೂಪ ಪವರ್ ಬಿಐ ತಂತ್ರಾಂಶದ ಪುಟಬದ್ಧ ವರದಿಗಳಲ್ಲೂ ಬಳಕೆಯಲ್ಲಿದೆ. ತಂತ್ರಾಂಶದ ಹೆಸರು ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ವರದಿ ತಯಾರಾಗುವ ಹೊತ್ತಿನಲ್ಲಿ ಚಿತ್ರ ಎಲ್ಲಿರುತ್ತದೆ?

ಪಠ್ಯದ ಕಡತದಲ್ಲಿ ಚಿತ್ರ ಹೇಗೆ?

ಬರ್ಟ್ ಮತ್ತು ಆರ್‌ಡಿಎಲ್ ವಿನ್ಯಾಸ ಕಡತಗಳೆರಡೂ ‘ಎಕ್ಸ್‌ಎಂಎಲ್’ ಎಂಬ ಭಾಷೆಯಲ್ಲಿರುತ್ತವೆ. 1998ರಲ್ಲಿ ರೂಪುಗೊಂಡ ಈ ಭಾಷೆ ಶುದ್ಧ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕಣ್ಣಿಂದಲೇ ಓದಬಹುದು. ಚಿತ್ರವಾದರೋ 0ಯಿಂದ 255ರವರೆಗಿನ ಸಂಖ್ಯೆಗಳ, ಅಂದರೆ ಬೈಟುಗಳ, ಸಾಲು. ಅವುಗಳನ್ನು ಇದ್ದ ಹಾಗೆಯೇ ಪಠ್ಯದ ನಡುವೆ ಸುರಿದರೆ ಏನಾಗುತ್ತದೆ?

ಪಿಎನ್‌ಜಿ ಚಿತ್ರವೊಂದನ್ನು ನೋಡೋಣ. ಪ್ರತಿಯೊಂದು ಪಿಎನ್‌ಜಿ ಕಡತವೂ ಈ ಎಂಟು ಬೈಟುಗಳಿಂದಲೇ ಆರಂಭವಾಗುತ್ತದೆ:

137, 80, 78, 71, 13, 10, 26, 10

ಯೂನಿಕೋಡ್‌ನ ‘ಯುಟಿಎಫ್-8’ ಕ್ರಮದಲ್ಲಿ ಬರೆದ ಪಠ್ಯದಲ್ಲಿ 137 ಎಂಬ ಬೈಟು ಯಾವ ಅಕ್ಷರದ ಆರಂಭವೂ ಆಗಲಾರದು. ಹಾಗಾಗಿ ಮೊದಲ ಬೈಟಿನಲ್ಲೇ ಎಡವಟ್ಟು. 13 ಮತ್ತು 10 ಜೊತೆಯಾಗಿ ಬಂದರೆ ಅದು ಸಾಲಿನ ಅಂತ್ಯದ ಗುರುತು. ಎಕ್ಸ್‌ಎಂಎಲ್ ಓದುವ ತಂತ್ರಾಂಶ ಇವೆರಡನ್ನೂ ಸೇರಿಸಿ ಒಂದೇ 10 ಮಾಡಿಬಿಡುತ್ತದೆ. ಅಲ್ಲಿಗೆ ಒಂದು ಬೈಟು ಕಾಣೆ. ಇನ್ನು 26 ಎಂಬ ಸಂಕೇತ ಎಕ್ಸ್‌ಎಂಎಲ್ 1.0ರಲ್ಲಿ ನಿಷಿದ್ಧ. 32ಕ್ಕಿಂತ ಕೆಳಗಿನ ಸಂಕೇತಗಳಲ್ಲಿ 9, 10, 13 - ಈ ಮೂರಕ್ಕೆ ಮಾತ್ರ ಅಲ್ಲಿ ಪ್ರವೇಶ. ಹೀಗೆ ಎಂಟು ಬೈಟು ದಾಟುವುದರೊಳಗೆ ಮೂರು ತಡೆಗಳು!

ಇದು ಆಕಸ್ಮಿಕವಲ್ಲ. ಕಡತವನ್ನು ಪಠ್ಯವೆಂದು ತಪ್ಪಾಗಿ ಭಾವಿಸಿ ಸಾಗಿಸಿದರೆ ಆರಂಭದಲ್ಲೇ ಪತ್ತೆಯಾಗಲಿ ಎಂದೇ ಪಿಎನ್‌ಜಿ ರೂಪಿಸಿದವರು ಈ ಎಂಟು ಬೈಟುಗಳನ್ನು ಆರಿಸಿದರು. ಒಟ್ಟಿನಲ್ಲಿ, ಚಿತ್ರವನ್ನು ಪಠ್ಯದೊಳಗೆ ಇಡಬೇಕಾದರೆ ಮೊದಲು ಅದನ್ನು ಪಠ್ಯದ ವೇಷಕ್ಕೆ ಬದಲಿಸಬೇಕು. ಆ ವೇಷದ ಹೆಸರೇ ‘ಬೇಸ್-64’.

ಮೂರು ಬೈಟು, ನಾಲ್ಕು ಅಕ್ಷರ

ಮಿಂಚಂಚೆಗೆ ಚಿತ್ರಗಳನ್ನು ಲಗತ್ತಿಸುವಾಗಲೂ ಇದೇ ತೊಡಕು ಎದುರಾಗಿತ್ತು. 1992ರಲ್ಲಿ ಪ್ರಕಟವಾದ ‘ಮೈಮ್’ ನಿಯಮಾವಳಿ ಅದಕ್ಕೆ ಬೇಸ್-64 ಕ್ರಮವನ್ನು ಸೂಚಿಸಿತು. ವರದಿ ತಂತ್ರಾಂಶಗಳು ಅದನ್ನೇ ಬಳಸುತ್ತವೆ.

ಇಂಗ್ಲಿಷಿನ ದೊಡ್ಡಕ್ಷರಗಳು 26, ಸಣ್ಣಕ್ಷರಗಳು 26, ಅಂಕಿಗಳು 10, ಜೊತೆಗೆ ‘+’ ಮತ್ತು ‘/’ - ಒಟ್ಟು 64 ಚಿಹ್ನೆಗಳು. ಇವು ಯಾವ ಗಣಕದಲ್ಲೂ ಕೆಡದೆ ಸಾಗುವ ಚಿಹ್ನೆಗಳು. 64 ಎಂದರೆ 2ರ ಆರನೆಯ ಘಾತ. ಆದ್ದರಿಂದ ಒಂದು ಚಿಹ್ನೆ 6 ಬಿಟ್‌ಗಳನ್ನು ಹೊರಬಲ್ಲದು. ಒಂದು ಬೈಟಿನಲ್ಲಿರುವುದು 8 ಬಿಟ್‌ಗಳು. 6 ಮತ್ತು 8ರ ಲಘುತಮ ಸಾಮಾನ್ಯ ಅಪವರ್ತ್ಯ 24. ಅಂದರೆ 3 ಬೈಟುಗಳನ್ನು 4 ಚಿಹ್ನೆಗಳಾಗಿ ಬರೆಯಬಹುದು.

ಚಿಹ್ನೆಗಳ ಕ್ರಮಸಂಖ್ಯೆ ಹೀಗಿದೆ: ದೊಡ್ಡಕ್ಷರಗಳು 0ಯಿಂದ 25, ಸಣ್ಣಕ್ಷರಗಳು 26ರಿಂದ 51, ಅಂಕಿಗಳು 52ರಿಂದ 61, ‘+’ ಚಿಹ್ನೆ 62, ‘/’ ಚಿಹ್ನೆ 63.

ಒಂದು ಉದಾಹರಣೆ ಮಾಡಿ ನೋಡೋಣ. ಜೆಪೆಗ್ ಚಿತ್ರಗಳ ಮೊದಲ ಮೂರು ಬೈಟುಗಳು 255, 216, 255. ಇವುಗಳ ದ್ವಿಮಾನ ರೂಪ:

11111111 11011000 11111111

ಇದನ್ನೇ ಆರಾರು ಬಿಟ್‌ಗಳಾಗಿ ಒಡೆದರೆ:

111111 111101 100011 111111

ಇವುಗಳ ಬೆಲೆ ಕ್ರಮವಾಗಿ 63, 61, 35, 63. ಮೇಲಿನ ಕ್ರಮಸಂಖ್ಯೆಗಳ ಪ್ರಕಾರ 63 ಎಂದರೆ ‘/’, 61 ಎಂದರೆ ‘9’, 35 ಎಂದರೆ ಸಣ್ಣಕ್ಷರಗಳಲ್ಲಿ ಹತ್ತನೆಯದಾದ ‘ಜೆ’, ಮತ್ತೆ 63 ಎಂದರೆ ‘/’. ಆದ್ದರಿಂದ ಹುದುಗಿಸಿದ ಜೆಪೆಗ್ ಚಿತ್ರದ ದತ್ತಾಂಶ ಯಾವಾಗಲೂ ಓರೆಗೆರೆ, ಒಂಬತ್ತು, ಸಣ್ಣ ಜೆ, ಓರೆಗೆರೆ ಎಂದೇ ಆರಂಭವಾಗುತ್ತದೆ. ವಿನ್ಯಾಸ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ಈ ನಾಲ್ಕು ಚಿಹ್ನೆಗಳಿಂದ ಆರಂಭವಾಗುವ ಉದ್ದನೆಯ ಅರ್ಥಹೀನ ಅಕ್ಷರಮಾಲೆ ಕಂಡರೆ, ಅಲ್ಲೊಂದು ಜೆಪೆಗ್ ಚಿತ್ರ ಅಡಗಿದೆ ಎಂದು ತಿಳಿಯಬಹುದು. ಕೊನೆಯಲ್ಲಿ ಮೂರಕ್ಕೆ ಒಂದೋ ಎರಡೋ ಬೈಟು ಕಡಿಮೆಯಾದರೆ ‘=’ ಚಿಹ್ನೆಯಿಂದ ಜಾಗ ತುಂಬುತ್ತಾರೆ.

ಬರ್ಟ್ ಕಡತದಲ್ಲಿ ಈ ಅಕ್ಷರಮಾಲೆಯನ್ನು ಚಿತ್ರಗಳಿಗೆಂದೇ ಇರುವ ಒಂದು ಪಟ್ಟಿಯಲ್ಲಿ, ಚಿತ್ರದ ಹೆಸರು ಮತ್ತು ಬಗೆಯ ಜೊತೆಗೆ ಇಡಲಾಗುತ್ತದೆ. ಪುಟದ ಮೇಲೆ ಚಿತ್ರ ಬರಬೇಕಾದ ಸ್ಥಳದಲ್ಲಿ ‘ಹುದುಗಿಸಿದ ಪಟ್ಟಿಯಲ್ಲಿರುವ ಇಂಥ ಹೆಸರಿನ ಚಿತ್ರ’ ಎಂಬ ಉಲ್ಲೇಖ ಮಾತ್ರ. ಆರ್‌ಡಿಎಲ್‌ನಲ್ಲೂ ಇದೇ ವ್ಯವಸ್ಥೆ. ಹೀಗಾಗಿ ಒಂದೇ ಲಾಂಛನವನ್ನು ಅದೇ ವಿನ್ಯಾಸದ ಮೂರು ಕಡೆ ಬಳಸಿದರೂ ಅದರ ದತ್ತಾಂಶ ಒಮ್ಮೆ ಮಾತ್ರ ಇದ್ದರೆ ಸಾಕು. ಇದನ್ನು ನೆನಪಿನಲ್ಲಿಡಿ, ಮುಂದೆ ಇದರಿಂದಲೇ ಒಂದು ಎಚ್ಚರಿಕೆಯ ಮಾತು ಬರಲಿದೆ.

ಗಾತ್ರದ ಲೆಕ್ಕ

ಮೂರು ಬೈಟು ನಾಲ್ಕಾಗುವುದರಿಂದ ಹುದುಗಿಸಿದ ಚಿತ್ರದ ಗಾತ್ರ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. 30,000 ಬೈಟಿನ ಲಾಂಛನ 40,000 ಅಕ್ಷರಗಳಾಗುತ್ತದೆ. ಇದೇನೂ ಹೊರೆಯಲ್ಲ. ಆದರೆ ಕ್ಯಾಮೆರಾದಿಂದ ನೇರವಾಗಿ ತೆಗೆದ 36,00,000 ಬೈಟಿನ ಶಾಲಾ ಕಟ್ಟಡದ ಛಾಯಾಚಿತ್ರ 48,00,000 ಅಕ್ಷರಗಳಾಗುತ್ತದೆ. ವರದಿ ತಯಾರಿಸುವ ಮುನ್ನ ತಂತ್ರಾಂಶ ಇಷ್ಟನ್ನೂ ಓದಿ, ಬಿಡಿಸಿ, ಸ್ಮೃತಿಯಲ್ಲಿ ಇಟ್ಟುಕೊಳ್ಳಬೇಕು.

ವಿನ್ಯಾಸದ ಪರದೆಯ ಮೇಲೆ ಚಿತ್ರದ ಮೂಲೆಯನ್ನು ಮೌಸ್‌ನಿಂದ ಎಳೆದು ಚಿಕ್ಕದು ಮಾಡಿದರೆ ಗಾತ್ರ ಕಡಿಮೆಯಾಗುತ್ತದೆ ಎಂಬ ತಪ್ಪು ತಿಳಿವಳಿಕೆ ಸಾಮಾನ್ಯ. ಹಾಗೆ ಮಾಡಿದಾಗ ಬದಲಾಗುವುದು ಚಿತ್ರ ಕಾಣುವ ಅಳತೆ. ಕಡತದೊಳಗಿನ ಬೈಟುಗಳು ಅಷ್ಟೇ ಇರುತ್ತವೆ.

ಹಾಗಾದರೆ ಎಷ್ಟು ಬೇಕು? ಸುಮಾರು ಎರಡೂವರೆ ಸೆಂಟಿಮೀಟರ್, ಅಂದರೆ ಒಂದು ಅಂಗುಲ ಅಗಲದ ಲಾಂಛನವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಮುದ್ರಿಸುವುದಾದರೆ 300 x 300, ಎಂದರೆ 90,000 ಚುಕ್ಕೆಗಳು ಸಾಕು. 4000 x 3000 ಚುಕ್ಕೆಗಳ ಛಾಯಾಚಿತ್ರದಲ್ಲಿರುವುದು 1,20,00,000 ಚುಕ್ಕೆಗಳು - ಬೇಕಾದ್ದಕ್ಕಿಂತ ನೂರಮೂವತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಚಿತ್ರ ಸಂಪಾದನೆಯ ತಂತ್ರಾಂಶದಲ್ಲಿ ಮೊದಲು ಕುಗ್ಗಿಸಿ, ಆಮೇಲೆ ಹುದುಗಿಸಬೇಕು. ಗೆರೆ ಮತ್ತು ಅಕ್ಷರಗಳಿರುವ ಲಾಂಛನಕ್ಕೆ ಪಿಎನ್‌ಜಿ, ಛಾಯಾಚಿತ್ರಕ್ಕೆ ಜೆಪೆಗ್ ಸೂಕ್ತ.

ಹುದುಗಿಸಿದ್ದು ಬದಲಾಗದು

ಹುದುಗಿಸಿದ ಚಿತ್ರ ಆ ದಿನದ ಪ್ರತಿ. ಮೂಲ ಚಿತ್ರ ನಾಳೆ ಬದಲಾದರೂ ಕಡತದೊಳಗಿನ ಪ್ರತಿ ಬದಲಾಗದು. ಸಂಸ್ಥೆಯ ಬಳಿ ಐವತ್ತು ವರದಿ ವಿನ್ಯಾಸಗಳಿದ್ದು, ಐವತ್ತರಲ್ಲೂ ಲಾಂಛನ ಹುದುಗಿಸಿದ್ದರೆ, ಲಾಂಛನ ಬದಲಾದ ದಿನ ಐವತ್ತು ಕಡತಗಳನ್ನೂ ತೆರೆದು ತಿದ್ದಬೇಕು. ಒಂದನ್ನು ಮರೆತರೂ ಹಳೆಯ ಲಾಂಛನದ ವರದಿ ಹೊರಗೆ ಹೋಗುತ್ತದೆ.

ಹಂಚಿಕೆಯ ಫೋಲ್ಡರಿನಲ್ಲಿ ಚಿತ್ರವಿದ್ದರೆ ಒಂದೇ ಕಡೆ ಬದಲಿಸಿದರೆ ಮುಗಿಯಿತು. ಬರ್ಟ್‌ನಲ್ಲಿ ಇನ್ನೊಂದು ಅನುಕೂಲವಿದೆ. ಹಲವು ವರದಿಗಳಿಗೆ ಸಾಮಾನ್ಯವಾದ ಭಾಗಗಳನ್ನು ‘ಲೈಬ್ರರಿ’ ಎಂಬ ಪ್ರತ್ಯೇಕ ಕಡತದಲ್ಲಿಟ್ಟು, ಲಾಂಛನವನ್ನು ಅದರೊಳಗೆ ಹುದುಗಿಸಬಹುದು. ವರದಿಗಳು ಆ ಲೈಬ್ರರಿಯನ್ನು ಉಲ್ಲೇಖಿಸುತ್ತವೆ. ಆದರೆ ಆಗ ವಿನ್ಯಾಸ ಕಡತದ ಜೊತೆಗೆ ಲೈಬ್ರರಿ ಕಡತವೂ ಸರ್ವರ್‌ಗೆ ಹೋಗಲೇಬೇಕು. ಕಡತ ಒಂಟಿಯಾಗಿ ಎಲ್ಲಿ ಬೇಕಾದರೂ ಓಡಾಡಬೇಕೆ, ಅಥವಾ ಒಂದೇ ಕಡೆ ತಿದ್ದುವ ಅನುಕೂಲ ಬೇಕೆ? ಎರಡೂ ಪೂರ್ಣವಾಗಿ ಒಟ್ಟಿಗೆ ಸಿಗುವುದಿಲ್ಲ.

ಸಹಿಯ ಚಿತ್ರ: ಎಚ್ಚರಿಕೆ

ಅಂಕಪಟ್ಟಿಯ ಕೆಳಗೆ ಮುಖ್ಯೋಪಾಧ್ಯಾಯರ ಸಹಿಯನ್ನು ಸ್ಕ್ಯಾನ್ ಮಾಡಿ ಹುದುಗಿಸಿಬಿಟ್ಟರೆ ಮುನ್ನೂರು ಬಾರಿ ಸಹಿ ಮಾಡುವ ಶ್ರಮ ಉಳಿಯುತ್ತದೆ ಎಂದು ಯಾರಿಗಾದರೂ ಅನಿಸಬಹುದು. ಇಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು.

ಮೊದಲನೆಯದು, ಬೇಸ್-64 ಗೂಢಲಿಪಿಯಲ್ಲ. ಅದಕ್ಕೆ ಕೀಲಿಯಿಲ್ಲ, ಗುಟ್ಟಿಲ್ಲ. ಮೇಲಿನ ಉದಾಹರಣೆಯನ್ನು ತಿರುಗಿಸಿ ಮಾಡಬಲ್ಲ ಯಾವ ವಿದ್ಯಾರ್ಥಿಯಾದರೂ ಅಕ್ಷರಮಾಲೆಯಿಂದ ಚಿತ್ರವನ್ನು ಮರಳಿ ಪಡೆಯಬಲ್ಲ. ನೋಡಲು ಅರ್ಥಹೀನವಾಗಿದೆ ಎಂದ ಮಾತ್ರಕ್ಕೆ ಅದು ಸುರಕ್ಷಿತವಲ್ಲ. ಸಹಿ ಹುದುಗಿಸಿದ ವಿನ್ಯಾಸ ಕಡತವನ್ನು ಬೇರೆಯವರಿಗೆ ಕಳುಹಿಸಿದರೆ, ಸ್ಪಷ್ಟವಾದ ಸಹಿಯ ಚಿತ್ರವನ್ನೇ ಕೊಟ್ಟಂತೆ.

ಎರಡನೆಯದು, ಪುಟದಿಂದ ಅಳಿಸಿದರೂ ಕಡತದಿಂದ ಹೋಗುವುದಿಲ್ಲ. ಚಿತ್ರದ ದತ್ತಾಂಶ ಒಂದು ಪಟ್ಟಿಯಲ್ಲಿ, ಅದರ ಉಲ್ಲೇಖ ಪುಟದಲ್ಲಿ ಎಂದು ಆಗಲೇ ನೋಡಿದೆವು. ಪುಟದ ಮೇಲಿನ ಸಹಿಯನ್ನು ಆರಿಸಿ ಅಳಿಸಿದಾಗ ಹೋಗುವುದು ಉಲ್ಲೇಖ ಮಾತ್ರ. ಪಟ್ಟಿಯಲ್ಲಿ ಸಹಿ ಹಾಗೆಯೇ ಕುಳಿತಿರುತ್ತದೆ. ‘ಸಹಿ ತೆಗೆದಿದ್ದೇನೆ’ ಎಂದು ನಂಬಿ ನೆರೆಯ ಶಾಲೆಗೆ ಮಾದರಿಯೆಂದು ಕೊಟ್ಟ ಕಡತದಲ್ಲಿ ಸಹಿಯೂ ಜೊತೆಗೆ ಹೋಗಿರುತ್ತದೆ. ಬರ್ಟ್‌ನ ರೂಪರೇಖೆ ಕಿಟಕಿಯಲ್ಲಿ ಹುದುಗಿಸಿದ ಚಿತ್ರಗಳ ಪಟ್ಟಿಯನ್ನು ತೆರೆದು, ಅಲ್ಲಿಂದಲೂ ಅಳಿಸಬೇಕು. ಕಡತದ ಗಾತ್ರ ಇಳಿದಿದೆಯೇ ಎಂದು ನೋಡಿ ಖಚಿತಪಡಿಸಿಕೊಳ್ಳಬಹುದು.

ಸಹಿಯ ಚಿತ್ರ ಬಳಸಲೇಬೇಕಾದರೆ ಅದನ್ನು ಸರ್ವರ್‌ನಲ್ಲಿ, ಅಧಿಕಾರವಿರುವವರು ಮಾತ್ರ ತೆರೆಯಬಲ್ಲ ಫೋಲ್ಡರಿನಲ್ಲಿಟ್ಟು, ವರದಿ ತಯಾರಾಗುವಾಗ ತರಿಸುವುದು ಮೇಲು. ಸ್ಕ್ಯಾನ್ ಮಾಡಿದ ಸಹಿಗೂ ‘ಡಿಜಿಟಲ್ ಸಹಿ’ಗೂ ವ್ಯತ್ಯಾಸವಿದೆ ಎಂಬುದನ್ನೂ ಗಮನಿಸಿ. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಮಾನ್ಯ ಮಾಡಿದ ಡಿಜಿಟಲ್ ಸಹಿ ಚಿತ್ರವಲ್ಲ. ಅದು ಗೂಢಲಿಪಿ ಗಣಿತವನ್ನು ಆಧರಿಸಿದ ದೃಢೀಕರಣ.

ಕನ್ನಡ ಶೀರ್ಷಿಕೆಯ ಪ್ರಶ್ನೆ

ಕನ್ನಡದಲ್ಲಿ ವರದಿ ತಯಾರಿಸುವವರು ಚಿತ್ರವನ್ನು ಹುದುಗಿಸಲು ಇನ್ನೊಂದು ಕಾರಣವೂ ಇತ್ತು. ಅನೇಕ ವರದಿ ತಂತ್ರಾಂಶಗಳು ಪಿಡಿಎಫ್ ತಯಾರಿಸಲು ಬಳಸುತ್ತಿದ್ದ ಹಳೆಯ ಉಪಕರಣಗಳಿಗೆ ಭಾರತೀಯ ಲಿಪಿಗಳ ಒತ್ತಕ್ಷರಗಳನ್ನು ಜೋಡಿಸುವ ಬಗೆ ತಿಳಿದಿರಲಿಲ್ಲ. ‘ವಿಜ್ಞಾನ’ ಎಂದು ಬರೆದರೆ ‘ಜ್ಞಾ’ ಒಡೆದು ಬಿಡಿಬಿಡಿಯಾಗಿ ಮೂಡುತ್ತಿತ್ತು. ಆಗ ಸಂಸ್ಥೆಯ ಕನ್ನಡ ಹೆಸರನ್ನು ಚಿತ್ರವಾಗಿ ಮಾಡಿ ತಲೆಬರಹದಲ್ಲಿ ಇಡುವುದು ಒಂದು ಉಪಾಯವಾಗಿತ್ತು.

ಬದಲಾಗದ ಶೀರ್ಷಿಕೆಗೆ ಈ ಉಪಾಯ ನಡೆಯುತ್ತದೆ. ಆದರೆ ಚಿತ್ರವಾದ ಅಕ್ಷರ ಅಕ್ಷರವಲ್ಲ. ಅದನ್ನು ಪಿಡಿಎಫ್‌ನಲ್ಲಿ ಹುಡುಕಲಾಗದು, ನಕಲು ಮಾಡಲಾಗದು. ದೃಷ್ಟಿ ತೊಂದರೆಯಿರುವವರಿಗೆ ಗಣಕ ಅದನ್ನು ಓದಿ ಹೇಳಲಾರದು. ಆದ್ದರಿಂದ ಈಗ ಮೊದಲು ಯೂನಿಕೋಡ್ ಅಕ್ಷರಗಳನ್ನೇ ಪ್ರಯತ್ನಿಸಿ, ಹೊರಬಂದ ಪಿಡಿಎಫ್‌ನಲ್ಲಿ ಒತ್ತಕ್ಷರಗಳನ್ನು ಪರೀಕ್ಷಿಸಿ. ಅದು ಸಾಧ್ಯವಾಗದಿದ್ದಾಗ ಮಾತ್ರ ಚಿತ್ರಕ್ಕೆ ಮೊರೆಹೋಗಿ. ಆಗಲೂ ಚಿತ್ರಕ್ಕೆ ಪರ್ಯಾಯ ಪಠ್ಯವನ್ನು ನಮೂದಿಸಲು ಮರೆಯಬೇಡಿ.

ಹೊರಬಂದ ವರದಿಯಲ್ಲಿ

ವಿನ್ಯಾಸದಲ್ಲಿ ಹುದುಗಿಸಿದ ಚಿತ್ರ ವರದಿಯಲ್ಲೂ ಹುದುಗಿರುತ್ತದೆ ಎಂದು ಭಾವಿಸಬಾರದು. ಪಿಡಿಎಫ್ ಆದರೆ ಚಿತ್ರ ಅದರೊಳಗೇ ಇರುತ್ತದೆ. ಯಾರಿಗೆ ಕಳುಹಿಸಿದರೂ ಕಾಣುತ್ತದೆ. ವಿನ್ಯಾಸದಲ್ಲಿ ಬರಿಯ ವಿಳಾಸವಿದ್ದರೂ, ತಯಾರಿಯ ಹೊತ್ತಿಗೆ ಚಿತ್ರ ಸಿಕ್ಕಿದರೆ ಸಾಕು. ಜಾಲಪುಟದ ರೂಪದಲ್ಲಾದರೆ ಬರ್ಟ್ ಸಾಮಾನ್ಯವಾಗಿ ಹುದುಗಿಸಿದ ಚಿತ್ರವನ್ನೂ ಬಿಡಿಸಿ, ಬೇರೊಂದು ಫೋಲ್ಡರಿನಲ್ಲಿಟ್ಟು, ಪುಟದಲ್ಲಿ ಅದರ ಕೊಂಡಿಯನ್ನು ಕೊಡುತ್ತದೆ. ಆ ಪುಟವನ್ನಷ್ಟೇ ಮಿಂಚಂಚೆಯಲ್ಲಿ ಕಳುಹಿಸಿದರೆ ಮತ್ತೆ ಅದೇ ಖಾಲಿ ಚೌಕ! ಹಂಚಬೇಕಾದ ವರದಿಗೆ ಪಿಡಿಎಫ್ ರೂಪವೇ ಭದ್ರ.

ಯಾವಾಗ ಯಾವುದು?

- ಒಂದೆರಡು ವರದಿಗಳಲ್ಲಿ ಮಾತ್ರ ಬಳಸುವ, ಅಪರೂಪಕ್ಕೆ ಬದಲಾಗುವ, ಚಿಕ್ಕ ಲಾಂಛನ: ಹುದುಗಿಸಿ.
- ಹಲವು ವರದಿಗಳಲ್ಲಿ ಬರುವ ಲಾಂಛನ: ಹಂಚಿಕೆಯ ಫೋಲ್ಡರ್ ಅಥವಾ ಲೈಬ್ರರಿ.
- ವಿದ್ಯಾರ್ಥಿಗಳ ಭಾವಚಿತ್ರ: ದತ್ತಸಂಚಯದಿಂದ.
- ಸಹಿ: ವಿನ್ಯಾಸದಲ್ಲಿ ಬೇಡ, ಕಾವಲಿರುವ ಸ್ಥಳದಿಂದ ತರಿಸಿ.
- ದೊಡ್ಡ ಛಾಯಾಚಿತ್ರ: ಮೊದಲು ಕುಗ್ಗಿಸಿ, ಆಮೇಲೆ ನಿರ್ಧರಿಸಿ.
- ಯಾವ ಮಾರ್ಗವೇ ಆಗಲಿ, ಮುನ್ನೂರು ಪ್ರತಿ ಮುದ್ರಿಸುವ ಮೊದಲು ಸರ್ವರ್‌ನಿಂದಲೇ ಒಂದು ಪ್ರತಿ ತೆಗೆದು ನೋಡಿ.

ಮಾಡಿ ನೋಡಿ

1. ಪಿಎನ್‌ಜಿ ಕಡತದ ಮೊದಲ ಮೂರು ಬೈಟುಗಳಾದ 137, 80, 78 ಇವುಗಳನ್ನು ಕಾಗದದ ಮೇಲೆಯೇ ಬೇಸ್-64ಕ್ಕೆ ಬದಲಿಸಿ. ಕ್ರಮಸಂಖ್ಯೆಗಳು 34, 21, 1, 14 ಬರಬೇಕು. ಅಂದರೆ ಸಣ್ಣ ‘ಐ’, ದೊಡ್ಡ ‘ವಿ’, ದೊಡ್ಡ ‘ಬಿ’, ದೊಡ್ಡ ‘ಓ’.

2. ಲಿನಕ್ಸ್ ಇರುವ ಗಣಕದಲ್ಲಿ ‘ಬೇಸ್64’ ಎಂಬ ಆಜ್ಞೆಯೇ ಇದೆ. ಒಂದು ಪಿಎನ್‌ಜಿ ಚಿತ್ರಕ್ಕೆ ಅದನ್ನು ಪ್ರಯೋಗಿಸಿ, ಮೊದಲ ನಾಲ್ಕು ಅಕ್ಷರಗಳು ನಿಮ್ಮ ಉತ್ತರಕ್ಕೆ ಹೊಂದುತ್ತವೆಯೇ ನೋಡಿ. ಎರಡೂ ಕಡತಗಳ ಗಾತ್ರವನ್ನು ಹೋಲಿಸಿ. ಅನುಪಾತ 4/3ಕ್ಕಿಂತ ತುಸು ಹೆಚ್ಚು ಬರುತ್ತದೆ. ಏಕಿರಬಹುದು? ಸುಳಿವು: ಹೊರಬಂದ ಪಠ್ಯವನ್ನು ಸಾಲುಗಳಾಗಿ ಮುರಿಯಲಾಗಿದೆ; ಪ್ರತಿ ಸಾಲಿನ ಕೊನೆಯಲ್ಲಿ ಏನಿರುತ್ತದೆ ಎಂದು ಯೋಚಿಸಿ.

3. ವರದಿ ತಂತ್ರಾಂಶ ಲಭ್ಯವಿದ್ದರೆ ಒಂದು ಚಿತ್ರ ಹುದುಗಿಸಿ ಕಡತದ ಗಾತ್ರ ಬರೆದುಕೊಳ್ಳಿ. ಪುಟದಿಂದ ಚಿತ್ರ ಅಳಿಸಿ, ಉಳಿಸಿ, ಮತ್ತೆ ಗಾತ್ರ ನೋಡಿ. ಆಮೇಲೆ ಚಿತ್ರಗಳ ಪಟ್ಟಿಯಿಂದಲೂ ಅಳಿಸಿ ನೋಡಿ. ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದಾಗ, ಕಣ್ಣಿಗೆ ಕಾಣದಿರುವುದು ಇಲ್ಲವೆಂದು ಅರ್ಥವಲ್ಲ ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿಯುತ್ತದೆ.